ಒಂದೇ ಕೆಲಸ, ಬೇರೆ ಸಂಬಳ: ಗೊತ್ತಾದ ಮೇಲೆ ಏನು ಮಾಡಬೇಕು?

ಪಕ್ಕದ ಸೀಟಿನವರ ಸಂಬಳ ನಮಗೆ ಗೊತ್ತಾಗುವುದು ಸಾಮಾನ್ಯವಾಗಿ ಆಕಸ್ಮಿಕವಾಗಿ. ಹೋಮ್ ಲೋನ್ ಮಾತು ಬಂದಾಗ ಬಾಯಿತಪ್ಪಿ ಅಂಕಿ ಹೊರಗೆ ಬರುತ್ತದೆ. ಪ್ರಿಂಟರ್ ಮೇಲೆ ಯಾರೋ ಮರೆತು ಹೋದ, ಸಂಬಳ ಮತ್ತು ತೆರಿಗೆಯ ವಿವರ ಇರುವ ಫಾರ್ಮ್ 16 ಕಣ್ಣಿಗೆ ಬೀಳುತ್ತದೆ. ನೀವೇ ಕೆಲಸ ಕಲಿಸಿದ ಹೊಸಬರು ಟೀ ಕುಡಿಯುತ್ತಾ ತಮ್ಮ ಆಫರ್ ಬಗ್ಗೆ ಹೇಳುತ್ತಾರೆ. ಅದೇ ಟೀಮ್, ಅದೇ ಕೆಲಸ, ಆದರೆ ಅವರಿಗೆ ತಿಂಗಳಿಗೆ ಇಪ್ಪತ್ತು ಸಾವಿರ ಜಾಸ್ತಿ. ಅಂದು ರಾತ್ರಿ ನಿದ್ದೆ ಬಾರದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಆ ಮರುದಿನದಿಂದ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಾಸ್ತಿ ಸಂಬಳ ಪಡೆಯುವ ಸಹೋದ್ಯೋಗಿ ನಿಮ್ಮಿಂದ ಏನನ್ನೂ ಕಿತ್ತುಕೊಂಡಿಲ್ಲ. ನಾಳೆ ಅವರ ಸಂಬಳ ಇಳಿದರೆ ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಉತ್ತರ ಕೊಡಬೇಕಾದವರು ಸಂಬಳ ನಿಗದಿ ಮಾಡಿದವರು. ಅವರ ಮುಂದೆ ಇಡಬೇಕಾದದ್ದು ನಿಮ್ಮ ಕೆಲಸದ ಲೆಕ್ಕ. ಇದು ತಲೆಯಲ್ಲಿ ಗಟ್ಟಿಯಾದರೆ ಮುಂದಿನ ಹೆಜ್ಜೆಗಳು ಸುಲಭ.

ಮೊದಲು, ಯಾವ ಅಂಕಿಯನ್ನು ಹೋಲಿಸುತ್ತಿದ್ದೀರಿ ನೋಡಿ

ನಮ್ಮೂರಿನಲ್ಲಿ ಸಂಬಳ ಎಂದರೆ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಹೇಳುವುದು ರೂಢಿ. ಸಿಟಿಸಿಯಲ್ಲಿ ಕೈಗೆ ಬರುವ ದುಡ್ಡೂ ಇರುತ್ತದೆ, ಬಾರದ ದುಡ್ಡೂ ಇರುತ್ತದೆ. ಕಂಪನಿ ಕಟ್ಟುವ ಪಿಎಫ್, ಬೇಸಿಕ್‌ನ (ಮೂಲ ವೇತನದ) ಶೇ. 4.81ರಷ್ಟು ಗ್ರಾಚ್ಯುಟಿ, ಗುಂಪು ವಿಮೆಯ ಕಂತು, ವರ್ಷದ ಕೊನೆಗೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ವೇರಿಯಬಲ್ ಪೇ, ಮೊದಲ ವರ್ಷಕ್ಕೆ ಮಾತ್ರ ಸಿಗುವ ಜಾಯ್ನಿಂಗ್ ಬೋನಸ್, ಕೆಲವು ಕಡೆ ಕಂಪನಿ ಷೇರು. ಎಲ್ಲವೂ ಅದೇ ಒಂದು ಅಂಕಿಯಲ್ಲಿ ಸೇರಿರುತ್ತವೆ.

ಒಂದು ಲೆಕ್ಕ ನೋಡಿ. ನಿಮ್ಮ ಟೀಮಿನ ಒಬ್ಬರ ಸಿಟಿಸಿ 14 ಲಕ್ಷ, ನಿಮ್ಮದು 12.5 ಲಕ್ಷ ಅಂದುಕೊಳ್ಳೋಣ. ಅವರ 14 ಲಕ್ಷದಲ್ಲಿ ಜಾಯ್ನಿಂಗ್ ಬೋನಸ್ 1 ಲಕ್ಷ, ವೇರಿಯಬಲ್ 1.4 ಲಕ್ಷ, ಕಂಪನಿಯ ಪಿಎಫ್ ಮತ್ತು ಗ್ರಾಚ್ಯುಟಿ ಮತ್ತು ವಿಮೆ ಸೇರಿ 90 ಸಾವಿರ. ಉಳಿಯುವ ಫಿಕ್ಸೆಡ್ 10.7 ಲಕ್ಷ. ನಿಮ್ಮದರಲ್ಲಿ ವೇರಿಯಬಲ್ 60 ಸಾವಿರ, ಪಿಎಫ್ ಇತ್ಯಾದಿ 80 ಸಾವಿರ. ಉಳಿಯುವುದು 11.1 ಲಕ್ಷ. ಅಂದರೆ ಪ್ರತಿ ತಿಂಗಳು ಲೆಕ್ಕ ಹಾಕಿದರೆ ನಿಮಗೇ ಮೂರು ಸಾವಿರಕ್ಕೂ ಸ್ವಲ್ಪ ಜಾಸ್ತಿ. ಇದನ್ನು ನೋಡದೆ ಮ್ಯಾನೇಜರ್ ಹತ್ತಿರ ಹೋದರೆ ಮಾತು ಎರಡೇ ನಿಮಿಷದಲ್ಲಿ ಮುಗಿಯುತ್ತದೆ, ಮುಂದೆ ನಿಮ್ಮ ನಿಜವಾದ ದೂರಿಗೂ ಬೆಲೆ ಇರುವುದಿಲ್ಲ.

ಕೈಗೆ ಬರುವ ಮೊತ್ತವನ್ನು ಹೋಲಿಸುವುದೂ ಅಷ್ಟೇ ಅಪಾಯ. ಇಬ್ಬರ ಬೇಸಿಕ್ಕೂ 45,000 ಇರಬಹುದು. ಒಬ್ಬರ ಪಿಎಫ್ ಪೂರ್ತಿ ಬೇಸಿಕ್ ಮೇಲೆ ಶೇ. 12 ಎಂದರೆ 5,400 ಕಡಿತ. ಇನ್ನೊಬ್ಬರದು 15,000 ರೂಪಾಯಿ ಮಿತಿಯ ಮೇಲೆ ಎಂದರೆ 1,800 ಮಾತ್ರ. ಇಲ್ಲೇ ತಿಂಗಳಿಗೆ 3,600 ರೂಪಾಯಿ ವ್ಯತ್ಯಾಸ ಬಂತು, ಸಂಬಳ ಒಂದೇ ಇದ್ದರೂ. ಹಳೆ ತೆರಿಗೆ ಪದ್ಧತಿ ಆರಿಸಿದವರು, ಹೊಸದು ಆರಿಸಿದವರು, ಅಪ್ಪ ಅಮ್ಮನ ವಿಮೆಗೆ ಸಂಬಳದಿಂದಲೇ ಕಟ್ಟುವವರು, ಇವರೆಲ್ಲರ ಕೈಗೆ ಬರುವ ಮೊತ್ತ ಬೇರೆ ಬೇರೆ ಇರುತ್ತದೆ.

ಹಾಗಾಗಿ ಹೋಲಿಸಬೇಕಾದದ್ದು ವರ್ಷದ ಫಿಕ್ಸೆಡ್. ಅಂದರೆ ಬೇಸಿಕ್, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮತ್ತು ಉಳಿದ ಭತ್ಯೆಗಳು ಸೇರಿ, ಕಡಿತಕ್ಕೆ ಮುಂಚಿನ ಮೊತ್ತ. ವೇರಿಯಬಲ್ ಮತ್ತು ಷೇರುಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಕೆಲಸ ನಿಜವಾಗಿಯೂ ಒಂದೇನಾ?

ಇಲ್ಲಿ ನಿಮ್ಮ ಜೊತೆ ನೀವೇ ಪ್ರಾಮಾಣಿಕವಾಗಿರಬೇಕು. ಡೆಸಿಗ್ನೇಶನ್ ಒಂದೇ ಇದ್ದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ. ಡೆಸಿಗ್ನೇಶನ್ ಬೇರೆ ಇದ್ದ ಮಾತ್ರಕ್ಕೆ ಕೆಲಸ ಬೇರೆಯೂ ಆಗುವುದಿಲ್ಲ. ಕಾನೂನಿನಲ್ಲೇ ಇದಕ್ಕೆ ನಾಲ್ಕು ಅಳತೆಗಳಿವೆ: ಬೇಕಾದ ಕುಶಲತೆ, ಹಾಕಬೇಕಾದ ಶ್ರಮ, ಅನುಭವ ಮತ್ತು ಜವಾಬ್ದಾರಿ. ಕೆಲಸದ ಪರಿಸ್ಥಿತಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಸಣ್ಣಪುಟ್ಟ ವ್ಯತ್ಯಾಸಗಳು ಲೆಕ್ಕಕ್ಕಿಲ್ಲ. ನಿಮ್ಮ ಕೇಸ್ ಕಾನೂನಿನವರೆಗೆ ಹೋಗದಿದ್ದರೂ ಈ ನಾಲ್ಕು ಅಳತೆ ಒಳ್ಳೆಯವು. ಒಂದು ಹಾಳೆ ತೆಗೆದುಕೊಂಡು ಎರಡೂ ಕೆಲಸಗಳನ್ನು ಅಕ್ಕಪಕ್ಕ ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದರೆ ಯಾರಿಗೆ ಫೋನ್ ಬರುತ್ತದೆ? ಕ್ಲೈಂಟ್ ಕಾಲ್‌ನಲ್ಲಿ ಯಾರು ಮಾತಾಡುತ್ತಾರೆ? ಹೊಸಬರಿಗೆ ಯಾರು ಕಲಿಸುತ್ತಾರೆ? ತಪ್ಪಾದರೆ ಯಾರ ಹೆಸರು ಮೇಲೆ ಹೋಗುತ್ತದೆ?

ಅವರಿಗೆ ನಿಜವಾಗಿಯೂ ಹೆಚ್ಚು ಜವಾಬ್ದಾರಿ ಇದೆ ಎಂದು ಈ ಹಾಳೆಯಲ್ಲಿ ಕಂಡರೆ, ಕೇಳಬೇಕಾದ್ದು ಬೇರೆ. ಆ ಜವಾಬ್ದಾರಿ ನನಗೆ ಯಾವಾಗ ಸಿಗುತ್ತದೆ ಎಂದು ಕೇಳಿ.

ವ್ಯತ್ಯಾಸ ಎಲ್ಲಿಂದ ಬಂತು?

ಬೆಂಗಳೂರಿನ ಆಫೀಸುಗಳಲ್ಲಿ ಇದಕ್ಕೆ ಬಹಳ ಸಾಮಾನ್ಯವಾದ ಕಾರಣ ಸೇರಿದ ಸಮಯ. 2021 ಮತ್ತು 2022ರಲ್ಲಿ ಐಟಿ ಕಂಪನಿಗಳು ಜನ ಸಿಗದೆ ಪರದಾಡುತ್ತಿದ್ದವು. ಆಗ ಕೆಲಸ ಬದಲಿಸಿದವರಿಗೆ ದೊಡ್ಡ ಜಿಗಿತ ಸಿಕ್ಕಿತು. ಅದೇ ಟೀಮಿನಲ್ಲಿ ನಿಷ್ಠೆಯಿಂದ ಉಳಿದವರಿಗೆ ವರ್ಷದ ಹೈಕ್ ಮಾತ್ರ ಸಿಕ್ಕಿತು. 2023ರಲ್ಲಿ ಮಾರುಕಟ್ಟೆ ತಣ್ಣಗಾದಾಗ ಸೇರಿದವರಿಗೆ ಮತ್ತೆ ಕಡಿಮೆ. ಹೀಗೆ ಒಂದೇ ಸಾಲಿನ ಸೀಟುಗಳಲ್ಲಿ ಮೂರು ಕಾಲದ ಸಂಬಳಗಳು ಕೂತಿವೆ.

ಇನ್ನೊಂದು ಕಾರಣ ಹಳೆಯ ಸಂಬಳದ ನೆರಳು. ದೊಡ್ಡ ಐಟಿ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಸಂಬಳ ವರ್ಷಗಟ್ಟಲೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಅಲ್ಲಿಂದ ಶುರು ಮಾಡಿದವರನ್ನು ಪ್ರತಿ ಹೊಸ ಕಂಪನಿಯೂ ಹಿಂದಿನ ಸಿಟಿಸಿ ಎಷ್ಟು ಎಂದೇ ಕೇಳುತ್ತದೆ, ಅದರ ಮೇಲೆ ಶೇ. 30 ಸೇರಿಸುತ್ತದೆ. ಸಣ್ಣ ಊರಿನ ಕಾಲೇಜಿನಿಂದ ಬಂದವರು ಹತ್ತು ವರ್ಷವಾದರೂ ಆ ಮೊದಲ ಆಫರ್‌ನ ಬೆಲೆ ತೆರುತ್ತಿರುತ್ತಾರೆ. ಹಾಸನದಿಂದಲೋ ಗದಗದಿಂದಲೋ ಬಂದ ಹುಡುಗ ಹುಡುಗಿಯರು ಆ ಮೊದಲ ಆಫರ್ ಬಂದಾಗ ಚೌಕಾಸಿ ಮಾಡಬಹುದು ಅಂತಲೇ ಗೊತ್ತಿಲ್ಲದೆ ಸಹಿ ಹಾಕಿರುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಯಾಕೆಂದರೆ ಇದರಲ್ಲಿ ಅವರ ಕೆಲಸದ ಗುಣಮಟ್ಟಕ್ಕೂ ಸಂಬಳಕ್ಕೂ ಯಾವ ಸಂಬಂಧವೂ ಇಲ್ಲ.

ಮೂರನೆಯದು ಭೇದ. ಹೆಣ್ಣು ಎಂಬ ಕಾರಣಕ್ಕೆ, ಹೆರಿಗೆ ರಜೆಯಿಂದ ವಾಪಸ್ ಬಂದಿದ್ದಾಳೆ ಎಂಬ ಕಾರಣಕ್ಕೆ, ಗುತ್ತಿಗೆಯವರು ಎಂಬ ಕಾರಣಕ್ಕೆ. ಇದಕ್ಕೆ ದಾರಿಯೇ ಬೇರೆ. ಮುಂದೆ ಬರುತ್ತೇನೆ.

ಸಹೋದ್ಯೋಗಿಗಳ ಜೊತೆ ಮಾತಾಡುವುದು ಹೇಗೆ

ಸಂಬಳದ ಗುಟ್ಟು ಯಾರಿಗೆ ಲಾಭ ಅಂತ ಯೋಚಿಸಿ. ಎಲ್ಲರ ಅಂಕಿಯೂ ಗೊತ್ತಿರುವುದು ಒಂದು ಕಡೆಯವರಿಗೆ ಮಾತ್ರ ಅಲ್ವಾ? ಆದ್ದರಿಂದ ನಂಬಿಕೆ ಇರುವ ಇಬ್ಬರು ಮೂವರ ಜೊತೆ ಮಾತಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಮೊದಲು ನಿಮ್ಮ ಆಫರ್ ಲೆಟರ್ ತೆಗೆದು ಓದಿ. ಸಂಬಳದ ವಿವರ ಯಾರಿಗೂ ಹೇಳಬಾರದು ಎಂಬ ಸಾಲು ಅನೇಕ ಪತ್ರಗಳಲ್ಲಿ ಇರುತ್ತದೆ. ಇದ್ದರೆ ಜಾಗ್ರತೆ ಬೇಕು. ಆಫೀಸ್ ಚಾಟ್‌ನಲ್ಲಿ, ಆಫೀಸ್ ಮೇಲ್‌ನಲ್ಲಿ ಈ ಮಾತು ಬೇಡವೇ ಬೇಡ.

ಕೇಳುವಾಗ ಮೊದಲು ನಿಮ್ಮದನ್ನು ಹೇಳಿ. "ಬೇಜಾರಿಲ್ಲ ಅಂದ್ರೆ ಒಂದು ಕೇಳ್ಲಾ? ಅಪ್ರೈಸಲ್‌ಗೆ ತಯಾರಿ ಮಾಡ್ತಿದ್ದೀನಿ. ನನ್ನ ಫಿಕ್ಸೆಡ್ ಒಂಬತ್ತರ ಹತ್ತಿರ ಇದೆ. ನಮ್ಮ ಗ್ರೇಡ್‌ಗೆ ಅದು ಕಡಿಮೆನಾ ಅಂತ ನಿಮಗೇನಾದ್ರೂ ಅಂದಾಜಿದ್ಯಾ?" ಹೀಗೆ ಕೇಳಿದರೆ ಅವರು ತಮ್ಮ ಅಂಕಿ ಹೇಳಬಹುದು, ಅಂದಾಜು ಮಾತ್ರ ಹೇಳಬಹುದು, ಸುಮ್ನೆ ನಕ್ಕು ಬಿಡಬಹುದು. ಮೂರೂ ಅವರ ಹಕ್ಕು. ಒತ್ತಾಯ ಮಾಡಬೇಡಿ. ಕಂಪನಿ ಬಿಟ್ಟು ಹೋದ ಹಳೆಯ ಸಹೋದ್ಯೋಗಿಗಳು ಹೆಚ್ಚು ಬಿಚ್ಚುಮನಸ್ಸಿನಿಂದ ಹೇಳುತ್ತಾರೆ. ಅದೇ ಕೆಲಸಕ್ಕೆ ಕರೆ ಮಾಡುವ ರಿಕ್ರೂಟರ್‌ಗಳನ್ನು "ಬಜೆಟ್ ಎಷ್ಟು" ಎಂದು ಕೇಳಿದರೂ ಸಾಕಷ್ಟು ತಿಳಿಯುತ್ತದೆ.

ಎಚ್‌ಆರ್‌ನಿಂದ ತಪ್ಪಿ ಬಂದ ಎಕ್ಸೆಲ್ ಶೀಟ್, ಬೇರೆಯವರ ಪೇ ಸ್ಲಿಪ್‌ನ ಫೋಟೋ, ಇವುಗಳನ್ನು ಇಟ್ಟುಕೊಳ್ಳಲೂ ಬೇಡಿ, ಯಾರಿಗೂ ಕಳಿಸಲೂ ಬೇಡಿ. ಮಾತು ಸಂಬಳದಿಂದ ಜಾರಿ ನಿಮ್ಮ ನಡತೆಯ ಮೇಲೆ ಹೋಗುತ್ತದೆ. ಕೆಲಸವನ್ನೇ ಕಳೆದುಕೊಳ್ಳುವ ಅಪಾಯವೂ ಇದೆ.

ಕಾಗದ ಒಟ್ಟು ಮಾಡಿ

ಆಫರ್ ಲೆಟರ್, ಪ್ರತಿ ವರ್ಷದ ಹೈಕ್ ಪತ್ರ, ಪೇ ಸ್ಲಿಪ್‌ಗಳು, ರೇಟಿಂಗ್, ಮೆಚ್ಚುಗೆಯ ಮೇಲ್‌ಗಳಲ್ಲಿ ಏನಿತ್ತು ಎಂಬ ಟಿಪ್ಪಣಿ. ಪೇ ಸ್ಲಿಪ್‌ಗಳನ್ನು ಈಗಲೇ ಮನೆಯ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಕೆಲಸ ಬಿಟ್ಟ ಮೇಲೆ ಪೋರ್ಟಲ್ ತೆರೆಯದೇ ಇರಬಹುದು. ಆದರೆ ಕ್ಲೈಂಟ್‌ನ ದಾಖಲೆ, ಕೋಡ್ ಇವನ್ನು ಸ್ವಂತ ಮೇಲ್‌ಗೆ ಕಳಿಸಬೇಡಿ. ಕಳೆದ 12 ತಿಂಗಳಲ್ಲಿ ಮಾಡಿದ ಕೆಲಸವನ್ನು ಒಂದೇ ಪುಟದಲ್ಲಿ ಬರೆಯಿರಿ. ಅಂಕಿ ಇರುವ ಸಾಲುಗಳಿಗೆ ತೂಕ ಜಾಸ್ತಿ.

ಮ್ಯಾನೇಜರ್ ಎದುರು: ಹೈಕ್ ಬೇಡ, ಕರೆಕ್ಷನ್ ಕೇಳಿ

ಬಹಳ ಜನ ಎಡವುವುದು ಇಲ್ಲಿ. "ಈ ಸಲ ಒಳ್ಳೆಯ ಹೈಕ್ ಕೊಡಿ" ಎಂದು ಕೇಳುತ್ತಾರೆ, ಶೇ. 8ರ ಬದಲು ಶೇ. 10 ಸಿಗುತ್ತದೆ, ಖುಷಿಯಿಂದ ಬರುತ್ತಾರೆ. ಲೆಕ್ಕ ಹಾಕಿ. ನಿಮ್ಮದು 9 ಲಕ್ಷ, ಸಹೋದ್ಯೋಗಿಯದು 12 ಲಕ್ಷ. ಅಂತರ 3 ಲಕ್ಷ. ಇಬ್ಬರಿಗೂ ಪ್ರತಿ ವರ್ಷ ಶೇ. 8 ಹೈಕ್ ಸಿಕ್ಕರೆ ಐದು ವರ್ಷದ ನಂತರ ನಿಮ್ಮದು ಸುಮಾರು 13.2 ಲಕ್ಷ, ಅವರದು 17.6 ಲಕ್ಷ. ಅಂತರ 4.4 ಲಕ್ಷ ಆಯಿತು. ಪಿಎಫ್, ಗ್ರಾಚ್ಯುಟಿ, ಬೋನಸ್ ಎಲ್ಲವೂ ಇದೇ ಅಂತರವನ್ನು ಹೊತ್ತುಕೊಂಡು ಹೋಗುತ್ತವೆ. ಇಬ್ಬರಿಗೂ ಒಂದೇ ಶೇಕಡಾವಾರು ಹೈಕ್ ಆದರೆ ಈ ಅಂತರ ಎಂದೂ ಮುಚ್ಚುವುದಿಲ್ಲ. ಅದಕ್ಕೇ ಹೈಕ್‌ನಿಂದ ಬೇರೆಯಾಗಿ ಸಂಬಳದ ಕರೆಕ್ಷನ್, ಅಂದರೆ ಈ ಅಂತರವನ್ನು ಸರಿಪಡಿಸುವ ಏರಿಕೆ, ಎಂದು ಹೆಸರು ಹೇಳಿಯೇ ಕೇಳಬೇಕು.

ಸಮಯವೂ ಮುಖ್ಯ. ಏಪ್ರಿಲ್‌ನಿಂದ ಹೊಸ ಸಂಬಳ ಕೊಡುವ ಕಂಪನಿಗಳಲ್ಲಿ ಹೈಕ್‌ನ ಪತ್ರ ಕೈಗೆ ಬರುವ ಎಷ್ಟೋ ವಾರ ಮುಂಚೆಯೇ ದುಡ್ಡಿನ ಹಂಚಿಕೆ ಮುಗಿದಿರುತ್ತದೆ. ಪತ್ರ ಬಂದ ಮೇಲೆ ಜಗಳ ಮಾಡಿದರೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಸಿದ್ಧ. ಡಿಸೆಂಬರ್, ಜನವರಿಯಲ್ಲೇ ಮಾತು ಶುರು ಮಾಡಿ. ಎಲ್ಲರ ಮುಂದೆ ಅಲ್ಲ, ನಡುದಾರಿಯಲ್ಲಿ ಅಲ್ಲ. ಅರ್ಧ ಗಂಟೆ ಸಮಯ ಕೇಳಿ, ಇಬ್ಬರೇ ಕೂತು ಮಾತಾಡಿ.

ಮಾತು ಹೀಗಿರಬಹುದು: "ಸರ್, ನನ್ನ ಈಗಿನ ಕೆಲಸಕ್ಕೂ ಸಂಬಳಕ್ಕೂ ಹೊಂದಿಕೆ ಆಗ್ತಿಲ್ಲ ಅನಿಸ್ತಿದೆ. ಎರಡು ವರ್ಷದಿಂದ ಪೇಮೆಂಟ್ಸ್ ಭಾಗ ಪೂರ್ತಿ ನಾನೇ ನೋಡ್ಕೊಳ್ತಿದ್ದೀನಿ, ಮೂರು ಜನ ಹೊಸಬರಿಗೆ ಕಲಿಸಿದ್ದೀನಿ. ನನ್ನ ಗ್ರೇಡಿನ ಸಂಬಳದ ರೇಂಜ್ ಏನು, ಅದರಲ್ಲಿ ನಾನು ಎಲ್ಲಿದ್ದೀನಿ ಅಂತ ತಿಳ್ಕೋಬೇಕಿತ್ತು. ನಾನು ಕೆಳಗಿದ್ರೆ ಕರೆಕ್ಷನ್‌ಗೆ ನೀವು ನನ್ನ ಪರವಾಗಿ ಎಚ್‌ಆರ್ ಹತ್ರ ಮಾತಾಡಬೇಕು." ಸಹೋದ್ಯೋಗಿಯ ಹೆಸರು ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿ. ಹೆಸರು ಬಂದರೆ ಚರ್ಚೆ ಆ ವ್ಯಕ್ತಿಯ ಮೇಲೆ ಹೋಗುತ್ತದೆ. ಅವರಿಗೂ ತೊಂದರೆ, ನಿಮಗೂ ತೊಂದರೆ.

ಬರುವ ಉತ್ತರಗಳು ಹೆಚ್ಚುಕಡಿಮೆ ಗೊತ್ತಿರುವವೇ. ಬಜೆಟ್ ಇಲ್ಲ ಎಂದರೆ, "ಎರಡು ಕಂತಿನಲ್ಲಿ ಆಗುತ್ತಾ? ಈಗ ಅರ್ಧ, ಅಕ್ಟೋಬರ್‌ನಲ್ಲಿ ಅರ್ಧ?" ಎಂದು ಕೇಳಿ. ಸಂಬಳ ಹೋಲಿಸಬಾರದು ಎಂದರೆ, "ಸರಿ ಸರ್, ಬೇರೆಯವರ ಮಾತು ಬೇಡ, ರೇಂಜ್ ಮಾತ್ರ ಹೇಳಿ" ಎನ್ನಿ. ನಿಮ್ಮಲ್ಲಿ ಇಂಥದ್ದು ಕಡಿಮೆ ಇದೆ ಎಂದರೆ, ಏನು ಮಾಡಿದರೆ ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ. ದುಡ್ಡಿಲ್ಲದ ಪ್ರಮೋಷನ್ ಕೊಟ್ಟರೆ ಒಪ್ಪಿಕೊಳ್ಳುವ ಮುಂಚೆ ಯೋಚಿಸಿ. ಹೊಸ ಗ್ರೇಡಿನ ರೇಂಜ್‌ನಲ್ಲಿ ನೀವು ಇನ್ನೂ ಕೆಳಗೆ ಬೀಳುತ್ತೀರಿ. ಸಿಟ್ಟು ಬಂದರೆ ಉತ್ತರ ಕೊಡಲು ಒಂದು ದಿನ ಕೇಳಿ. ಅಳು ಬಂದರೂ ನಾಚಿಕೆ ಬೇಡ, ನೀರು ಕುಡಿದು ಮುಂದುವರಿಸಿ.

ಮಾತು ಮುಗಿದ ದಿನವೇ ಒಂದು ಮೇಲ್ ಹಾಕಿ. ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಆದರೆ ಸಾರ ಇಷ್ಟಿರಲಿ: ಇಂದು ಮಾತಾಡಿದ್ದಕ್ಕೆ ಧನ್ಯವಾದ. ನನ್ನ ಕೆಲಸದ ವಿವರ ಮತ್ತೊಮ್ಮೆ ಲಗತ್ತಿಸಿದ್ದೇನೆ. ನನ್ನ ಫಿಕ್ಸೆಡ್ ಸಂಬಳವನ್ನು ಇಷ್ಟಕ್ಕೆ ಸರಿಪಡಿಸಬೇಕೆಂದು ಕೋರಿದ್ದೇನೆ. ನೀವು ಎಚ್‌ಆರ್ ಜೊತೆ ಮಾತಾಡಿ ಈ ತಾರೀಕಿನೊಳಗೆ ತಿಳಿಸುವುದಾಗಿ ಹೇಳಿದ್ದೀರಿ. ಅಷ್ಟೇ. ದೂರಿನ ದನಿ ಬೇಡ. ತಾರೀಕು ದಾಟಿದರೆ ಅದೇ ಮೇಲ್‌ಗೆ ಉತ್ತರವಾಗಿ ಮತ್ತೊಂದು ಹಾಕಿ, ಎಚ್‌ಆರ್‌ಗೂ ಪ್ರತಿ ಕಳಿಸಿ.

ಕಾನೂನು ಎಲ್ಲಿ ಜೊತೆಗಿದೆ, ಎಲ್ಲಿ ಇಲ್ಲ

ನೇರವಾಗಿ ಹೇಳುತ್ತೇನೆ. ಖಾಸಗಿ ಕಂಪನಿಯಲ್ಲಿ ಇಬ್ಬರು ಗಂಡಸರ ನಡುವೆ, ಅಥವಾ ಇಬ್ಬರು ಹೆಂಗಸರ ನಡುವೆ, ಸಂಬಳ ಬೇರೆ ಇದೆ ಅನ್ನುವ ಒಂದೇ ಕಾರಣಕ್ಕೆ ಕೇಸ್ ಹಾಕುವ ದಾರಿ ನಮ್ಮಲ್ಲಿ ಇಲ್ಲ ಎನ್ನುವಷ್ಟು ಕಿರಿದು. ಅಲ್ಲಿ ಇರುವುದು ಮಾತುಕತೆ, ಯೂನಿಯನ್, ಅಥವಾ ಬೇರೆ ಕೆಲಸ.

ವ್ಯತ್ಯಾಸ ಲಿಂಗದ ಕಾರಣಕ್ಕೆ ಇದ್ದರೆ ಮಾತು ಬದಲಾಗುತ್ತದೆ. ಸಂವಿಧಾನದ 39(ಡಿ) ವಿಧಿ ಗಂಡು ಹೆಣ್ಣು ಇಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುತ್ತದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್ ಪ್ರಕಾರ ಒಂದೇ ಮಾಲೀಕರ ಕೆಳಗೆ ಒಂದೇ ಅಥವಾ ಒಂದೇ ಬಗೆಯ ಕೆಲಸ ಮಾಡುವವರಿಗೆ ಲಿಂಗದ ಆಧಾರದಲ್ಲಿ ಸಂಬಳದ ಭೇದ ಮಾಡುವಂತಿಲ್ಲ. ಸರಿಪಡಿಸುವ ನೆಪದಲ್ಲಿ ಜಾಸ್ತಿ ಇದ್ದವರ ಸಂಬಳ ಇಳಿಸುವಂತೆಯೂ ಇಲ್ಲ. ಈ ಹೋಲಿಕೆಗೆ ಎಚ್‌ಆರ್‌ಎ ಮತ್ತು ಪ್ರಯಾಣ ಭತ್ಯೆಯೂ ಲೆಕ್ಕಕ್ಕೆ ಬರುತ್ತವೆ. ಬೇಸಿಕ್ ಒಂದೇ ಇಟ್ಟು ಭತ್ಯೆಯಲ್ಲಿ ಆಟ ಆಡುವುದಕ್ಕೆ ಇದರಿಂದ ತಡೆ ಬೀಳುತ್ತದೆ.

"ಐಟಿಯವರಿಗೆ ಲೇಬರ್ ಕಾನೂನು ಅನ್ವಯಿಸಲ್ಲ" ಎಂಬ ಮಾತನ್ನು ಬೆಳ್ಳಂದೂರಿನಿಂದ ವೈಟ್‌ಫೀಲ್ಡ್‌ವರೆಗೆ ಕೇಳುತ್ತೀರಿ. ಈ ವಿಷಯದಲ್ಲಿ ಅದು ತಪ್ಪು. ವೇತನ ಸಂಹಿತೆಯಲ್ಲಿ ನೌಕರರು ಎಂದರೆ ತಾಂತ್ರಿಕ, ಮೇಲ್ವಿಚಾರಣೆ, ಮ್ಯಾನೇಜರ್ ಕೆಲಸದವರೂ ಸೇರುತ್ತಾರೆ.

ಹಳೆಯದಾದರೂ ಇವತ್ತಿಗೂ ದಾರಿ ತೋರಿಸುವ ಒಂದು ತೀರ್ಪಿದೆ. ಮುಂಬೈನ ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಆಡ್ರೆ ಡಿಕೋಸ್ಟಾ ಸ್ಟೆನೋಗ್ರಾಫರ್ ಆಗಿದ್ದರು. ಅಲ್ಲಿ ಹೆಣ್ಣು ಸ್ಟೆನೋಗ್ರಾಫರ್‌ಗಳಿಗೆ ಗಂಡು ಸ್ಟೆನೋಗ್ರಾಫರ್‌ಗಳಿಗಿಂತ ಕಡಿಮೆ ಸಂಬಳ ಇತ್ತು. ಯೂನಿಯನ್ ಜೊತೆ ಒಪ್ಪಂದ ಆಗಿದೆ, ನಮ್ಮ ಹಣಕಾಸಿನ ಸ್ಥಿತಿ ಸರಿಯಿಲ್ಲ ಎಂದೆಲ್ಲ ಕಂಪನಿ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಆ ವಾದಗಳನ್ನು ಒಪ್ಪಲಿಲ್ಲ. ಕೆಲಸದ ಒಟ್ಟು ಸ್ವರೂಪ ನೋಡಬೇಕು, ಕಡ್ಡಿ ಹಿಡಿದು ಸಣ್ಣ ವ್ಯತ್ಯಾಸ ಹುಡುಕಬಾರದು ಎಂಬುದು ಆ ತೀರ್ಪಿನ ತಿರುಳು. ಬಜೆಟ್ ಇಲ್ಲ ಎಂಬ ಉತ್ತರ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಒಂದು ಮಾತು. ರಜೆಯಲ್ಲಿದ್ದಾಗ ನಿಮಗೆ ನಷ್ಟವಾಗುವಂತೆ ಕೆಲಸದ ಷರತ್ತು ಬದಲಿಸುವುದು ಕಾನೂನಿಗೆ ವಿರುದ್ಧ. ವಾಪಸ್ ಬಂದ ಮೇಲೆ ಕೆಳಗಿನ ಗ್ರೇಡ್, ಕಡಿಮೆ ಸಂಬಳ ಎಂದರೆ ಬಾಯಿಮಾತಿನಲ್ಲಿ ಒಪ್ಪಬೇಡಿ. ಬರಹದಲ್ಲಿ ಕಾರಣ ಕೇಳಿ.

ಗಾರ್ಮೆಂಟ್ಸ್ ಮತ್ತು ಗುತ್ತಿಗೆ

ಸಂಬಳದ ಅಂತರ ಐಟಿ ಪಾರ್ಕ್‌ಗಳ ಕಥೆ ಮಾತ್ರ ಅಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಮಷಿನ್ ಮುಂದೆ ಕೂತವರು ಹೆಚ್ಚಾಗಿ ಹೆಣ್ಣುಮಕ್ಕಳು. ಅಲ್ಲಿ ಅಂತರ ಬರುವುದು ಹೆಸರಿನಿಂದ. ಟೈಲರ್ ಕೆಲಸ ಮಾಡುವವರನ್ನು ಹೆಲ್ಪರ್ ಎಂದೇ ಪಟ್ಟಿಯಲ್ಲಿ ಇಟ್ಟರೆ ಅಲ್ಲಿಗೆ ಸಂಬಳ ಇಳಿಯಿತು. ನಿಮ್ಮ ಪೇ ಸ್ಲಿಪ್‌ನಲ್ಲಿ ಯಾವ ಹೆಸರಿದೆ ನೋಡಿ, ಆ ಹೆಸರಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಎಷ್ಟು ನೋಡಿ. ಅದರ ಜೊತೆಗಿನ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಪೇ ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ. ಕೊಡದಿದ್ದರೆ ಮೊದಲ ದೂರು ಅದೇ ಆಗಲಿ.

ಸರ್ಕಾರಿ ಇಲಾಖೆ, ನಿಗಮ, ಆಸ್ಪತ್ರೆಗಳಲ್ಲಿ ಗುತ್ತಿಗೆಯ ಮೇಲೆ ಇರುವವರು 2016ರ ಜಗಜೀತ್ ಸಿಂಗ್ ಪ್ರಕರಣದ ತೀರ್ಪನ್ನು ವಕೀಲರ ಜೊತೆ ಓದಿಸಿಕೊಳ್ಳಿ. ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ಹೊರಗೆ ಎಲ್ಲಿಗೆ ಹೋಗಬೇಕು

ಮೊದಲು ಕಂಪನಿಯೊಳಗಿನ ದಾರಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಬೇರೆ. ಸಂಬಳದ ದೂರನ್ನು ಅಲ್ಲಿಗೆ ಕೊಟ್ಟು ಸಮಯ ಕಳೆಯಬೇಡಿ.

ಒಬ್ಬರೇ ಹೋಗುವುದಕ್ಕಿಂತ ಜೊತೆಯಾಗಿ ಹೋಗುವುದು ಯಾವಾಗಲೂ ಒಳ್ಳೆಯದು. ಐಟಿ ಮತ್ತು ಬಿಪಿಓದವರಿಗೆ ಬೆಂಗಳೂರಿನಲ್ಲಿ ಕೆಐಟಿಯು ಎಂಬ ಯೂನಿಯನ್ ಇದೆ. ಗಾರ್ಮೆಂಟ್ಸ್‌ನವರಿಗೆ ಗಾರ್ಮೆಂಟ್ ಲೇಬರ್ ಯೂನಿಯನ್ ಇದೆ. ನಿಮ್ಮ ಪರವಾಗಿ ಯೂನಿಯನ್ ಕೂಡ ಅರ್ಜಿ ಹಾಕಬಹುದು ಎಂದು ವೇತನ ಸಂಹಿತೆಯೇ ಹೇಳುತ್ತದೆ.

ಕಾರ್ಮಿಕ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ, ಡೈರಿ ಸರ್ಕಲ್ ಹತ್ತಿರ. ನಿಮ್ಮ ಕಂಪನಿ ಇರುವ ಪ್ರದೇಶ ಯಾವ ಅಧಿಕಾರಿಗೆ ಸೇರುತ್ತದೆ ಎಂದು ಮೊದಲು ಕೇಳಿ. ಬ್ಯಾಂಕ್ ನೌಕರರು ಕೇಂದ್ರ ಕಾರ್ಮಿಕ ಇಲಾಖೆಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿ ಸರಳವಾಗಿರಲಿ: ಯಾವ ಕೆಲಸ, ಎಂದಿನಿಂದ, ನಿಮ್ಮ ಸಂಬಳ ಎಷ್ಟು, ಅದೇ ಕೆಲಸದ ಇತರರಿಗೆ ಎಷ್ಟು, ಒಳಗೆ ಕೇಳಿದಾಗ ಏನು ಉತ್ತರ ಬಂತು. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಬಾಕಿ ಕೇಳಲು ಮೂರು ವರ್ಷದ ಮಿತಿ ಇದೆ, ಹಾಗಾಗಿ ಸುಮ್ನೆ ಕಾಯುತ್ತಾ ಕೂರಬೇಡಿ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅರ್ಜಿಯ ವಿಚಾರಣೆ ನಡೆಸುವವರಿಗಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂದೆ ಸರಿಯಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಕೈಗಾರಿಕಾ ಕಾರ್ಮಿಕರಿಗೂ ಸಿಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಬಿಟ್ಟು ಹೋಗುವುದಾದರೆ

ಸಂಬಳ ಸರಿಹೋಗಲು ಬೆಂಗಳೂರಿನಲ್ಲಿ ಜನ ಹೆಚ್ಚಾಗಿ ಹಿಡಿಯುವ ದಾರಿ ಇದೇ. ತಪ್ಪಿಲ್ಲ. ಆದರೆ ಬೇರೆ ಆಫರ್ ತೋರಿಸಿ ಇಲ್ಲೇ ಜಾಸ್ತಿ ಕೇಳುವ ಯೋಚನೆ ಇದ್ದರೆ, ನಿಜವಾಗಿಯೂ ಹೋಗಲು ಸಿದ್ಧವಿದ್ದಾಗ ಮಾತ್ರ ಆ ಕಾಗದ ಹೊರಗೆ ತೆಗೆಯಿರಿ. "ಸರಿ, ಹೋಗಿ ಬನ್ನಿ" ಎಂದರೆ ಹೋಗಬೇಕಾಗುತ್ತದೆ.

ಹೊಸ ಕಡೆ ಎಚ್‌ಆರ್ ಹಳೆಯ ಸಿಟಿಸಿ ಕೇಳಿದಾಗ ಸುಳ್ಳು ಹೇಳಬೇಡಿ. ಪೇ ಸ್ಲಿಪ್ ಕೇಳುತ್ತಾರೆ, ಪರಿಶೀಲನೆಯೂ ನಡೆಯುತ್ತದೆ. ಬದಲಿಗೆ ಹೀಗೆ ಹೇಳಿ: "ನನ್ನ ಈಗಿನ ಸಂಬಳ ಇಷ್ಟು. ಅದು ಈ ಕೆಲಸದ ಮಾರುಕಟ್ಟೆ ದರಕ್ಕಿಂತ ಕೆಳಗಿದೆ, ನಾನು ಬದಲಿಸ್ತಿರೋದೂ ಅದಕ್ಕೇ. ಹಳೆ ಸಂಬಳದ ಮೇಲೆ ಶೇಕಡಾ ಲೆಕ್ಕ ಬೇಡ, ಈ ಹುದ್ದೆಗೆ ನಿಮ್ಮ ರೇಂಜ್ ಹೇಳಿ." ಕೊಟ್ಟ ಆಫರ್‌ನಲ್ಲಿ ಫಿಕ್ಸೆಡ್ ಎಷ್ಟು ಎಂಬುದನ್ನು ಸಹಿಗೆ ಮುಂಚೆ ಲೆಕ್ಕ ಹಾಕಿ. 90 ದಿನದ ನೋಟಿಸ್ ಮುಗಿಯುವ ಮುಂಚೆ ಬಿಡಬೇಕಾದರೆ ಉಳಿದ ದಿನಗಳ ದುಡ್ಡು ಯಾರು ಕಟ್ಟುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. 45 ದಿನ ಕಾಯಿರಿ ಎಂದರೆ ಆ 17ನೇ ಸೆಕ್ಷನ್ ಅನ್ನು ಮೇಲ್‌ನಲ್ಲಿ ನೆನಪಿಸಿ.

ನಿಮಗೇ ಜಾಸ್ತಿ ಬರುತ್ತಿದ್ದರೆ

ಇದನ್ನು ಓದುವವರಲ್ಲಿ ಕೆಲವರು ಆ ಪಕ್ಕದ ಸೀಟಿನವರೇ ಇರಬಹುದು. ನೀವು ತಪ್ಪಿತಸ್ಥರಲ್ಲ, ಸಂಕೋಚ ಬೇಡ. ಆದರೆ ನಿಮ್ಮಿಂದ ಆಗುವ ಸಹಾಯ ದೊಡ್ಡದು. ನಂಬಿಕೆ ಇರುವ ಸಹೋದ್ಯೋಗಿ ಕೇಳಿದರೆ ಪೂರ್ತಿ ಅಂಕಿ ಹೇಳದಿದ್ದರೂ ರೇಂಜ್ ಹೇಳಿ. ನಿಮ್ಮ ಆಫರ್ ಹೇಗೆ ಚೌಕಾಸಿ ಮಾಡಿದಿರಿ ಎಂದು ಹೇಳಿಕೊಡಿ. ಅವರ ಕೆಲಸದ ಬಗ್ಗೆ ಮ್ಯಾನೇಜರ್ ಕೇಳಿದಾಗ ಮಾಡಿದ್ದನ್ನು ಹೆಸರು ಹಿಡಿದು ಹೇಳಿ. ನೀವೇ ಟೀಮ್ ಲೀಡ್ ಆಗಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: ಹೈಕ್ ಪಟ್ಟಿ ಕೈಗೆ ಬಂದಾಗ ಶೇಕಡಾ ಹಂಚುವ ಮುಂಚೆ ಎಲ್ಲರ ಫಿಕ್ಸೆಡ್ ಅನ್ನು ಒಂದು ಸಾಲಿನಲ್ಲಿ ಬರೆದು ನೋಡಿ. ಯಾರು ಕಾರಣವಿಲ್ಲದೆ ಕೆಳಗಿದ್ದಾರೋ ಅವರ ಕರೆಕ್ಷನ್ ಅನ್ನು, ಅವರು ಕೇಳುವ ತನಕ ಕಾಯದೆ, ಎಚ್‌ಆರ್ ಮುಂದೆ ಇಡಿ.